ಮ್ಯಾಪಲ್ಲಿ ‘ಬಹಳ ಒಳ್ಳೆ ಜಾಗ’ ಅಂತ ಬಂತು, ಬೋರಲ್ಲಿ ಧೂಳು ಬಂತು

ಪ್ರಶ್ನೆ: ಸಾರ್, ನಮ್ಮದು ನಾಗಮಂಗಲ ತಾಲ್ಲೂಕು, ನಾಲೆ ನೀರಿಲ್ಲದ ಕಡೆ. ನಾಲ್ಕು ಎಕರೆ ಇದೆ, ಅರ್ಧ ತೆಂಗು, ಇನ್ನರ್ಧ ರಾಗಿ ಹುರುಳಿ. ಹಳೇ ಬೋರು ಬೇಸಿಗೇಲಿ ಅರ್ಧ ಗಂಟೆ ಎತ್ತಿ ನಿಂತೋಗುತ್ತೆ. ನಾನು ಮೈಸೂರಲ್ಲಿ ಎಂಎಸ್ಸಿ ಓದ್ತಿದೀನಿ. ಪ್ರಾಜೆಕ್ಟಿಗೆ ಅಂತ ನಮ್ಮೂರ ಸುತ್ತಮುತ್ತದ ಅಂತರ್ಜಲ ಮ್ಯಾಪ್ ಮಾಡ್ದೆ, ಇಳಿಜಾರು, ಮಣ್ಣು, ಕಲ್ಲು, ಹಳ್ಳ, ಮಳೆ, ಲೀನಿಯಮೆಂಟು (ಸ್ಯಾಟಲೈಟ್ ಫೋಟೋದಲ್ಲಿ ಕಾಣೋ ನೆಲದ ಉದ್ದ ಗೆರೆಗಳು), ಭೂಬಳಕೆ ಎಲ್ಲಾ ಲೇಯರ್ ಹಾಕಿ, ಎಎಚ್‌ಪಿ ಅಂತ ಎರಡೆರಡನ್ನ ಹೋಲಿಸಿ ಯಾವುದು ಎಷ್ಟು ಮುಖ್ಯ ಅಂತ ತೂಗೋ ವಿಧಾನದಲ್ಲಿ ವೇಟ್ ಕೊಟ್ಟೆ. ನಮ್ಮ ಜಮೀನಿನ ಒಂದು ಮೂಲೆ ಕಡುನೀಲಿ ಬಂತು, ಅಂದ್ರೆ ‘ಬಹಳ ಒಳ್ಳೇದು’. ಅಪ್ಪ ಅದನ್ನ ನಂಬ್ಕೊಂಡು ಅಲ್ಲೇ ಕೊರಸಿದ್ರು, 720 ಅಡಿ, ಬರೀ ಧೂಳು. ಈಗ ಅಪ್ಪ ನನ್ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಮ್ಯಾಪ್ ತಪ್ಪಾ, ನಾನು ಮಾಡಿದ್ದು ತಪ್ಪಾ? ಪಂಚಾಯ್ತಿಯವರು ಊರಿಗೊಂದು ನೀರಿನ ಪ್ಲಾನ್ ಮಾಡ್ಕೊಡು ಅಂತ ಬೇರೆ ಕೇಳ್ತಿದಾರೆ, ಹೇಗೆ ಶುರು ಮಾಡ್ಲಿ? ಅಪ್ಪ ಇನ್ನೊಂದು ಬೋರಿಗೆ ಸಾಲ ಎತ್ತೋಕೆ ಓಡಾಡ್ತಿದಾರೆ, ಬೇಡ ಅನ್ಲಾ?

ಉತ್ತರ: ಮೊದಲು ಅಪ್ಪನ ವಿಷ್ಯ. ಅವರ ಸಿಟ್ಟು ನ್ಯಾಯವಾದದ್ದೇ, 720 ಅಡಿಗೆ ರಿಗ್ಗಿನ ಲೆಕ್ಕ, ಕೇಸಿಂಗು, ಜನಕ್ಕೆ ಊಟ ತಿಂಡಿ ಎಲ್ಲಾ ಸೇರಿ ಕೈ ಎಷ್ಟು ಸುಡುತ್ತೆ ಅಂತ ನನಗೂ ಗೊತ್ತು, ಆದ್ರೆ ಪೂರ್ತಿ ಹೊಣೆ ನಿಮ್ಮ ತಲೆಗೇ ಕಟ್ಟೋಕೂ ಆಗಲ್ಲ, ಯಾಕಂದ್ರೆ ನೀವು ಮಾಡಿದ್ದನ್ನೇ ಎಷ್ಟೋ ರಿಸರ್ಚ್ ಪೇಪರ್‌ಗಳಲ್ಲೂ ಮಾಡಿರ್ತಾರೆ, ವ್ಯತ್ಯಾಸ ಏನಂದ್ರೆ ಅವರು ಅಲ್ಲಿ ಬೋರ್ ಕೊರ್ಸಲ್ಲ ಅಷ್ಟೆ.

ನಿಮ್ಮ ಅಪ್ಪ ಕೇಳಿದ್ದು ‘ಇಲ್ಲಿ ತೂತು ಹೊಡೆದ್ರೆ ನೀರು ಸಿಗುತ್ತಾ’ ಅಂತ. ಮ್ಯಾಪ್ ಹೇಳಿದ್ದು ‘ಈ ಸುತ್ತಿನಲ್ಲಿ ಬೇರೆ ಕಡೆಗಿಂತ ಈ ಕಡೆ ನೀರು ಇಂಗೋಕೆ ನಿಲ್ಲೋಕೆ ಅನುಕೂಲ ಜಾಸ್ತಿ’ ಅಂತ. ಈ ಎರಡರ ನಡುವೆ ಎಷ್ಟು ದೂರ ಇದೆ ಅಂತ ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಮ್ಯಾಪಿನ ಒಂದು ಚೌಕ 30 ಮೀಟರ್‌ಗೆ 30 ಮೀಟರ್ ಇದ್ದಿರ್ಬೇಕು, ಅಂದ್ರೆ 900 ಚದರ ಮೀಟರ್. ಬೋರಿನ ಬಾಯಿ ಆರೂವರೆ ಇಂಚು. ಆ ಒಂದೇ ಒಂದು ಚೌಕದೊಳಗೆ ಮೂವತ್ತು ಸಾವಿರಕ್ಕಿಂತ ಜಾಸ್ತಿ ಬೋರಿನ ತೂತು ಹಿಡಿಸುತ್ತೆ! ಅದ್ರಲ್ಲಿ ಯಾವ ತೂತು ಸೀಳಿಗೆ ಸಿಗುತ್ತೆ ಅಂತ ಸ್ಯಾಟಲೈಟ್‌ಗೆ ಎಲ್ಲಿ ಗೊತ್ತಾಗ್ಬೇಕು.

ಸೀಳು ಅಂದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಉಳಿದದ್ದೆಲ್ಲಾ ಅದರ ಮೇಲೇ ನಿಂತಿದೆ. ನಮ್ಮ ಮಂಡ್ಯ ಮೈಸೂರು ಸೀಮೆ ಬಹುಪಾಲು ಗಟ್ಟಿ ಕಲ್ಲು, ನೈಸು, ಗ್ರಾನೈಟು, ನಿಮ್ಮ ನಾಗಮಂಗಲದ ಒಂದು ಪಟ್ಟೀಲಿ ಶಿಸ್ಟು. ಈ ಕಲ್ಲಿಗೆ ತನ್ನದೇ ರಂಧ್ರ ಅಂತ ಇಲ್ಲ, ನದಿ ಮರಳಿನ ಥರ ನೀರು ಹೀರ್ಕೊಂಡು ಇಟ್ಕೊಳ್ಳಲ್ಲ. ನೀರು ನಿಲ್ಲೋದು ಎರಡೇ ಕಡೆ. ಮೇಲೆ ಮಣ್ಣಿನ ಕೆಳಗೆ ಲಕ್ಷಾಂತರ ವರ್ಷ ಕೊಳೆತು ಪುಡಿಯಾದ ಕಲ್ಲಿನ ಪದರ ಇರುತ್ತೆ, ಅದು ಒಂದು. ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯೊಳಗೆ ಅಲ್ಲೊಂದು ಇಲ್ಲೊಂದು ಸೀಳು, ಅದು ಎರಡನೇದು. ಮೇಲಿನ ಪುಡಿ ಪದರ ನೀರಿನ ಗುಡಾಣ, ಕೆಳಗಿನ ಸೀಳು ಬರೀ ಕೊಳವೆ. ಗುಡಾಣ ಒಣಗಿದ್ರೆ ಕೊಳವೆ ಎಷ್ಟು ಆಳಕ್ಕೆ ಹೋದ್ರೂ ಏನು ಬಂತು? ನಮ್ಮಜ್ಜಂದಿರ ಕಾಲದ ತೆರೆದ ಬಾವಿ ಇದ್ದದ್ದು ಈ ಪುಡಿ ಪದರದಲ್ಲೇ, ಅದು ಬತ್ತಿದ ಮೇಲೇ ಎಲ್ಲರೂ ಬಂಡೆಗೆ ಕೈ ಹಾಕಿದ್ದು. ಈ ಸೀಳುಗಳು ಸಾಮಾನ್ಯವಾಗಿ ಮೇಲಿನ ಮುನ್ನೂರು ನಾನೂರು ಅಡಿಯಲ್ಲಿ ಜಾಸ್ತಿ, ಕೆಳಗೆ ಹೋದಷ್ಟೂ ಕಮ್ಮಿ. ಸಾವಿರ ಅಡಿಗೆ ಸಿಕ್ಕವರೂ ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಸಿಕ್ಕವರ ಕತೆ ಊರೆಲ್ಲಾ ಸುತ್ತುತ್ತೆ, ಸಿಗದವರು ಸುಮ್ಮನಿರ್ತಾರೆ.

ಈಗ ನಿಮ್ಮ ಮ್ಯಾಪು. ಲೇಯರ್ ಏಳು ಹಾಕಿದೀರ ಸರಿ, ಆದ್ರೆ ನಿಜವಾಗಿ ಏಳು ಬೇರೆ ಬೇರೆ ಸಾಕ್ಷಿ ಇದ್ಯಾ ನೋಡಿ. ಇಳಿಜಾರು ಬಂದಿದ್ದು ಎಸ್‌ಆರ್‌ಟಿಎಂ ಅನ್ನೋ, ಬಾಹ್ಯಾಕಾಶದಿಂದ ರೇಡಾರಲ್ಲಿ ಅಳೆದ ನೆಲದ ಎತ್ತರದ ಡೇಟಾದಿಂದ, ಹಳ್ಳದ ದಟ್ಟಣೆ ಬಂದಿದ್ದೂ ಅದರಿಂದ್ಲೇ, ಲೀನಿಯಮೆಂಟನ್ನ ಹಿಲ್‌ಶೇಡ್ (ಎತ್ತರ ತಗ್ಗಿಗೆ ನೆರಳು ಹಾಕಿದ ಚಿತ್ರ) ನೋಡಿ ಗೀಚಿದ್ರೆ ಅದೂ ಅಲ್ಲಿಂದ್ಲೇ. ಒಬ್ಬನೇ ಸಾಕ್ಷಿ ಮೂರು ಅಂಗಿ ಹಾಕ್ಕೊಂಡು ಮೂರು ಸಲ ಬಂದು ಸಾಕ್ಷಿ ಹೇಳಿದ ಹಾಗೆ. ಮಳೆ ಲೇಯರ್ ಇನ್ನೊಂದು ತಮಾಷೆ, ಹವಾಮಾನ ಇಲಾಖೆಯ ಗ್ರಿಡ್ ಡೇಟಾ ಒಂದು ಚೌಕ ಕಾಲು ಡಿಗ್ರಿ, ಅಂದ್ರೆ ಹತ್ತಿರ ಹತ್ತಿರ 27 ಕಿಲೋಮೀಟರ್, ನಿಮ್ಮ ಸುತ್ತಿನ ಹತ್ತು ಹಳ್ಳಿಗೂ ಒಂದೇ ನಂಬರ್, ಅದಕ್ಕೆ ವೇಟ್ ಕೊಟ್ಟು ಏನು ಪ್ರಯೋಜನ? ಕೆಎಸ್‌ಎನ್‌ಡಿಎಂಸಿ, ಅಂದ್ರೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಹೋಬಳಿ ಪಂಚಾಯ್ತಿ ಮಳೆ ಮಾಪಕದ ಲೆಕ್ಕ ಇದಕ್ಕಿಂತ ವಾಸಿ. ಇನ್ನು ಎಎಚ್‌ಪಿಲಿ ಕನ್ಸಿಸ್ಟೆನ್ಸಿ ರೇಶಿಯೋ 0.10ಕ್ಕಿಂತ ಕಮ್ಮಿ ಬಂತು ಅಂತ ಖುಷಿ ಪಟ್ಟಿರ್ತೀರ, ಎಲ್ಲರೂ ಪಡ್ತಾರೆ. ಅದು ಹೇಳೋದು ನಿಮ್ಮ ಅಭಿಪ್ರಾಯಗಳು ಒಂದಕ್ಕೊಂದು ಜಗಳ ಆಡ್ತಿಲ್ಲ ಅಂತ ಮಾತ್ರ. ತಪ್ಪನ್ನೇ ಒಂದೇ ರೀತಿ ಹೇಳ್ಕೊಂಡು ಹೋದ್ರೂ ಆ ನಂಬರ್ ಚೆನ್ನಾಗೇ ಬರುತ್ತೆ.

ಎಲ್ಲಕ್ಕಿಂತ ದೊಡ್ಡ ಮೋಸ ಭೂಬಳಕೆ ಲೇಯರಲ್ಲಿ. ಹಸಿರು ಬೆಳೆ ಇದ್ದ ಕಡೆ ಜಾಸ್ತಿ ಮಾರ್ಕ್ಸ್ ಕೊಡೋದು ರೂಢಿ. ಮಂಡ್ಯ ಮದ್ದೂರಿನ ವಿಶ್ವೇಶ್ವರಯ್ಯ (ವಿಸಿ) ನಾಲೆ ಬಯಲಲ್ಲಿ ಹಸಿರು ಅಂದ್ರೆ ಕೆಆರ್‌ಎಸ್ ನೀರು, ಮೇಲಿಂದ ಬಂದು ಅಷ್ಟೋ ಇಷ್ಟೋ ಇಂಗುತ್ತೆ, ಅಲ್ಲಿ ಹಸಿರಿಗೆ ಮಾರ್ಕ್ಸ್ ಕೊಟ್ರೆ ಒಪ್ಪೋಣ. ನಾಲೆ ಇಲ್ಲದ ನಿಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಹಸಿರು ಕಾಣ್ತಿದೆ ಅಂದ್ರೆ ಅರ್ಥ ಏನು? ಅಲ್ಲಿ ಯಾರೋ ಭೂಮಿಯೊಳಗಿನ ನೀರು ಎತ್ತಿ ಹೊರಗೆ ಹಾಕ್ತಿದಾರೆ ಅಂತ! ಅಂದ್ರೆ ನೀರು ಖಾಲಿ ಆಗ್ತಿರೋ ಜಾಗಕ್ಕೇ ನೀವು ‘ಬಹಳ ಒಳ್ಳೇದು’ ಅಂತ ಬಣ್ಣ ಬಳಿದಿರಿ. ನಿಮ್ಮ ಜಮೀನಿನ ಮೂಲೆ ಪಕ್ಕದಲ್ಲಿ ಯಾರ್ದಾದ್ರೂ ತೋಟ ಇದ್ಯಾ, ಬೋರು ಎಷ್ಟಿದೆ ಅಂತ ಒಂದು ಸಲ ಎಣಿಸಿ ನೋಡಿ.

ಲೀನಿಯಮೆಂಟಿಗೂ ಇದೇ ಕತೆ. ಗೆರೆ ಕಂಡಿದ್ದೆಲ್ಲಾ ಸೀಳಲ್ಲ. ಹಳೇ ಗಾಡಿದಾರಿ, ಬದು, ಹೈಟೆನ್ಷನ್ ಲೈನ್ ಕೆಳಗಿನ ಬೋಳು ಪಟ್ಟಿ ಎಲ್ಲಾ ಸ್ಯಾಟಲೈಟ್ ಫೋಟೋದಲ್ಲಿ ನೇರ ಗೆರೆಯಾಗೇ ಕಾಣ್ಸುತ್ತೆ. ನಿಜವಾದ ಗೆರೆಗಳಲ್ಲೂ ಎಲ್ಲಾ ನೀರಿನ ದಾರಿ ಆಗಿರಲ್ಲ, ಕೆಲವು ನೀರಿಗೆ ಅಡ್ಡಗೋಡೆ. ನಮ್ಮ ಕಡೆ ಕರಿಕಲ್ಲು ಅಂತೀವಲ್ಲ, ಮೈಸೂರು, ಶ್ರೀರಂಗಪಟ್ಟಣ, ಚಾಮರಾಜನಗರ ಕಡೆ ಬೇಕಾದಷ್ಟಿದೆ, ಡಾಲರೈಟ್ ಡೈಕು ಅದು. ಹಳೇ ಬಂಡೆ ಬಿರುಕು ಬಿಟ್ಟಾಗ ಕೆಳಗಿಂದ ಕಲ್ಲಿನ ರಸ ನುಗ್ಗಿ ಗೋಡೆ ಥರ ಗಟ್ಟಿಯಾಗಿರೋದು. ಈ ಗೋಡೆ ಮುರಿದು ಬಿರುಕಾಗಿದ್ರೆ ನೀರು ಸಿಗುತ್ತೆ, ಇಲ್ಲಾಂದ್ರೆ ಒಂದು ಪಕ್ಕ ನೀರು ಕಟ್ಟಿ ನಿಂತಿರುತ್ತೆ, ಇನ್ನೊಂದು ಪಕ್ಕ ಒಣ ಒಣ.

ಇದರಲ್ಲಿ ನಾನೇ ಮಂಗ ಆಗಿದೀನಿ, ಹೇಳ್ಕೊಳ್ಳೋಕೆ ನಾಚಿಕೆ ಏನಿಲ್ಲ. ಶ್ರೀರಂಗಪಟ್ಟಣದ ಕಡೆ ಒಂದೂರಲ್ಲಿ ಹದಿನೆಂಟು ಬಾವಿ ಬೋರುಗಳ ನೀರಿನ ಮಟ್ಟ ಅಳ್ದು, ಕ್ರಿಗಿಂಗ್ (ಅಳೆದ ಚುಕ್ಕೆಗಳ ನಡುವಿನ ಜಾಗಕ್ಕೆ ಲೆಕ್ಕದಿಂದ ಅಂಕಿ ತುಂಬೋದು) ಮಾಡಿ, ಕಾಂಟೂರ್ (ಒಂದೇ ಮಟ್ಟದ ಗೆರೆ) ಎಳ್ದು, ನೋಡೋಕೆ ರೇಷ್ಮೆ ಸೀರೆ ಅಂಚಿನ ಥರ ಇತ್ತು ಮ್ಯಾಪು. ಊರಿನವರ ಮುಂದೆ ಹರಡ್ದೆ. ಹಿಂದೆ ಕೂತಿದ್ದ ಒಬ್ಬ ಹಿರಿಯರು ಎದ್ದು ಬಂದು ಎರಡು ಚುಕ್ಕೆ ಮೇಲೆ ಬೆರಳಿಟ್ಟು, ‘ಇಲ್ಲಿ ಎಂಟು ಮೀಟ್ರಿಗೆ ನೀರು, ಇಲ್ಲಿ ನಲವತ್ತು, ಸರಿಯಪ್ಪ, ನಡುವೆ ಇದ್ಯಾಕೆ ಜಾರುಬಂಡೆ ಥರ ಬರ್ದಿದೀಯ, ಅಲ್ಲಿ ಕರಿಕಲ್ಲು ಅಡ್ಡ ಬಂದದಲ್ಲ’ ಅಂದ್ರು. ಹೋಗಿ ನೋಡಿದ್ರೆ ಬದುವಿನ ಗುಂಟ ಕಪ್ಪು ಗುಂಡುಕಲ್ಲುಗಳ ಸಾಲು, ಹೊಲದಿಂದ ಹೊಲಕ್ಕೆ ನೆಟ್ಟಗೆ ಹೋಗಿದೆ. ಎರಡು ಬೋರಿನ ನಡುವೆ ಇದ್ದದ್ದು ಇನ್ನೂರು ಮೀಟರ್, ಆದ್ರೆ ನೀರಿನ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ದೇಶ. ಸಾಫ್ಟ್‌ವೇರ್‌ಗೆ ಚುಕ್ಕೆಗಳ ನಡುವೆ ನಯವಾಗಿ ತುಂಬಿಸೋದು ಬಿಟ್ರೆ ಬೇರೆ ಗೊತ್ತಿಲ್ಲ, ಐಡಿಡಬ್ಲ್ಯೂ ಆಗ್ಲಿ ಕ್ರಿಗಿಂಗ್ ಆಗ್ಲಿ. ಅವತ್ತಿಂದ ನಾನು ಗಟ್ಟಿಕಲ್ಲಿನ ಸೀಮೇಲಿ ಮೊದಲು ಕರಿಕಲ್ಲಿನ ಸಾಲುಗಳನ್ನ ನಡೆದು ಗುರುತು ಮಾಡ್ಕೊಳ್ತೀನಿ, ಆಮೇಲೆ ಅದರ ಈಚೆಗೊಂದು ಆಚೆಗೊಂದು ಅಂತ ಭಾಗ ಮಾಡಿ ಲೆಕ್ಕ ಹಾಕ್ತೀನಿ.

ನಿಮ್ಮ ಮ್ಯಾಪನ್ನ ಯಾವುದರ ಜೊತೆ ಹೋಲಿಸಿ ನೋಡಿದ್ರಿ ಅಂತ ಬರ್ದಿಲ್ಲ, ಬಹುಶಃ ಓಡ್ತಿರೋ ಬೋರುಗಳ ಪಟ್ಟಿ ಹಿಡ್ಕೊಂಡು ಶೇಕಡಾ ಇಷ್ಟು ಸರಿ ಅಂತ ತೋರ್ಸಿರ್ತೀರ. ಫೇಲಾದ ಬೋರು ಯಾವ ಪಟ್ಟೀಲೂ ಇರಲ್ಲ. ನಾಲ್ಕು ಕಲ್ಲು ಮುಚ್ಚಿ ಮರೆತುಬಿಡ್ತಾರೆ. ಬದುಕಿದವರನ್ನ ಮಾತ್ರ ಎಣಿಸಿದ್ರೆ ಯಾವ ಡಾಕ್ಟ್ರೂ ಸೋಲಲ್ಲ.

ಹಾಗಾದ್ರೆ ಮ್ಯಾಪ್ ದಂಡನಾ ಅಂದ್ರೆ ಖಂಡಿತ ದಂಡ ಅಲ್ಲ. ಎಲ್ಲಿ ನೀರು ಹುಡುಕೋದು ವ್ಯರ್ಥ, ಎಲ್ಲಿ ನೀರು ಇಂಗಿಸ್ಬೇಕು, ಎಲ್ಲಿ ಬೋರುಗಳು ಒಂದರ ಬಾಯಿಗೊಂದು ಕೈ ಹಾಕ್ತಿವೆ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಆದ್ರೆ ಪಂಚಾಯ್ತಿ ಪ್ಲಾನಿಗೆ ಮೊದಲು ಬೇಕಾಗಿರೋದು ನೀರಿನ ಜಮಾಖರ್ಚು, ಬಣ್ಣ ಆಮೇಲೆ.

ಲೆಕ್ಕ ಕಷ್ಟ ಏನಿಲ್ಲ. ತಾಲ್ಲೂಕು, ಪಂಚಾಯ್ತಿ ಗಡಿ ಬಿಡಿ, ನೀರಿಗೆ ಅದು ಗೊತ್ತಿಲ್ಲ. ಎತ್ತರದ ಡೇಟಾ ಹಿಡ್ಕೊಂಡು ನಿಮ್ಮೂರ ಹಳ್ಳದ ಜಲಾನಯನ ಗೆರೆ ಎಳೀರಿ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಅರ್ಧ ದಿನದ ಕೆಲಸ, ಎಳೆದ ಮೇಲೆ ದಿಣ್ಣೆ ಮೇಲೆ ನಿಂತು ಕಣ್ಣಲ್ಲಿ ತಾಳೆ ನೋಡಿ. ಲೆಕ್ಕಕ್ಕೆ ಇಟ್ಕೊಳ್ಳಿ, 500 ಹೆಕ್ಟೇರ್ ಬಂತು, ವರ್ಷಕ್ಕೆ 700 ಮಿಲಿಮೀಟರ್ ಮಳೆ. ಒಂದು ಹೆಕ್ಟೇರ್ ಮೇಲೆ ಒಂದು ಮೀಟರ್ ನೀರು ನಿಂತ್ರೆ ಸರಿಯಾಗಿ ಒಂದು ಕೋಟಿ ಲೀಟರ್. ಆಗ ಬಿದ್ದ ಮಳೆ 350 ಕೋಟಿ ಲೀಟರ್. ಅದರಲ್ಲಿ ಇಂಗೋದು ಎಷ್ಟು? ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ 1997ರ ವಿಧಾನದಲ್ಲಿ ನಮ್ಮಂಥ ಕೊಳೆತ ಗ್ರಾನೈಟು, ನೈಸು, ಶಿಸ್ಟಿಗೆ ಜೇಡಿ ಕಮ್ಮಿ ಇದ್ರೆ ಶೇಕಡಾ 11, ಜೇಡಿ ಜಾಸ್ತಿ ಇದ್ರೆ 8, ಸೀಳಿಲ್ಲದ ಇಡೀ ಬಂಡೆ ಆದ್ರೆ ಬರೀ 1 ಅಂತ ಇಟ್ಟಿದ್ರು. ಅಂದ್ರೆ ವರ್ಷದ ಜಮಾ 28 ಕೋಟಿಯಿಂದ 38 ಕೋಟಿ ಚಿಲ್ಲರೆ ಲೀಟರ್.

ಖರ್ಚಿನ ಕಡೆ ಬನ್ನಿ. ಓಡೋ ಬೋರು 60 ಇದೆ ಅನ್ನೋಣ. ಒಂದೊಂದು ಗಂಟೆಗೆ 5,000 ಲೀಟರ್ ಎತ್ತುತ್ತೆ, ದಿನಕ್ಕೆ 6 ಗಂಟೆ ಕರೆಂಟು, ವರ್ಷದಲ್ಲಿ 200 ದಿನ. ಒಂದು ಬೋರು ವರ್ಷಕ್ಕೆ 60 ಲಕ್ಷ ಲೀಟರ್. ಅರವತ್ತಕ್ಕೆ 36 ಕೋಟಿ. ನೋಡಿದ್ರಾ, ಮಣ್ಣಲ್ಲಿ ಜೇಡಿ ಕಮ್ಮಿ ಅಂತ ಬರ್ಕೊಂಡ್ರೆ ಊರು ಹೇಗೋ ಶೇಕಡಾ 94ರಲ್ಲಿ ತೇಲ್ತಿದೆ, ಜೇಡಿ ಜಾಸ್ತಿ ಅಂದ್ರೆ ಶೇಕಡಾ 129, ಅಂದ್ರೆ ಪ್ರತಿ ವರ್ಷ ಅಸಲಿಗೇ ಕೈ. ಒಂದು ಕಾಲಂನಲ್ಲಿ ಬರೆಯೋ ಒಂದು ಅಂಕಿಯಿಂದ ಇಷ್ಟು ಫರಕು. ಹೊಲಕ್ಕೆ ಬಿಟ್ಟ ನೀರಲ್ಲಿ ಸ್ವಲ್ಪ ವಾಪಸ್ ಇಂಗುತ್ತೆ ಅಂತ ಖರ್ಚಿಂದ ಕಳೀಬೇಕು, ಹಳ್ಳಕ್ಕೆ ತಾನಾಗೇ ಜಿನುಗಿ ಹೋಗೋದನ್ನ ಜಮಾದಿಂದ ಕಳೀಬೇಕು, ಇವೆಲ್ಲಾ ಇದೆ, ಆದ್ರೆ ನಿಮ್ಮ ಕಡೆ ನೀರು ಆಳದಲ್ಲಿ ಇರೋದ್ರಿಂದ ವಾಪಸ್ ಬರೋದು ಅತ್ಯಲ್ಪ.

ಗಂಟೆಗೆ 5,000 ಅಂತ ನಾನು ಸುಮ್ಮನೆ ಹಿಡಿದಿದ್ದು, ನೀವು ಹಾಗೆ ಮಾಡ್ಬೇಡಿ. ‘ಎಷ್ಟಿಂಚು ನೀರು’ ಅಂತ ಯಾರನ್ನ ಕೇಳಿದ್ರೂ ಜಂಬಕ್ಕೆ ಅರ್ಧ ಇಂಚು ಸೇರಿಸಿ ಹೇಳ್ತಾರೆ, ಇಲ್ಲಾ ಯಾವ ಆಫೀಸಿಂದ ಬಂದಿದಾರೋ ಅಂತ ಹೆದರಿ ಕಮ್ಮಿ ಹೇಳ್ತಾರೆ. 200 ಲೀಟರ್ ಡ್ರಮ್ಮು ಗಾಡೀಲಿ ಹಾಕ್ಕೊಂಡು ಹೋಗಿ, ಪೈಪ್ ಬಾಯಿಗಿಟ್ಟು ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡೀರಿ, ಎರಡು ನಿಮಿಷ ಇಪ್ಪತ್ನಾಲ್ಕು ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 5,000. ಮೋಟ್ರು ಹಾಕಿದ ತಕ್ಷಣ ಅಳೀಬೇಡಿ, ಒಂದು ಗಂಟೆ ಓಡಿದ ಮೇಲೆ ಅಳೀರಿ. ಬೋರಿನ ಪಟ್ಟಿಗೆ ಐಪಿ ಸೆಟ್ಟಿನ (ನೀರಾವರಿ ಪಂಪ್‌ಸೆಟ್ಟಿನ) ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್ ಲಿಸ್ಟ್ ಆಧಾರ ಇಟ್ಕೊಂಡು, ಒಂದೊಂದಕ್ಕೂ ನಿಂತು ಫೋನಲ್ಲಿ ಲೊಕೇಶನ್ ತಗೊಳ್ಳಿ, ಸರ್ವೆ ನಂಬರ್ ದಿಶಾಂಕ್ ಆಪಲ್ಲಿ ಸಿಗುತ್ತೆ. ಹಳೇ ಟೋಪೋಶೀಟ್ ಸ್ಕ್ಯಾನ್ ಮಾಡಿ ಕೆಳಗೆ ಹಾಕ್ಕೊಳ್ಳೋದಾದ್ರೆ ಅದು ಎವರೆಸ್ಟ್ ಡೇಟಮ್ (ಅಕ್ಷಾಂಶ ರೇಖಾಂಶ ಅಳೆಯೋ ಆಧಾರ), ಫೋನಿನದ್ದು ಡಬ್ಲ್ಯೂಜಿಎಸ್ 84, ಹೊಂದಿಸ್ದೆ ಹಾಗೇ ಇಟ್ರೆ ನೂರು ಮೀಟರ್‌ಗಿಂತ ಜಾಸ್ತಿ ಸರಿದು ಕೂರುತ್ತೆ, ನಿಮ್ಮ ಬೋರು ಹೋಗಿ ಪಕ್ಕದವರ ಹೊಲದಲ್ಲಿ ನಿಂತಿರುತ್ತೆ. ನಿಮ್ಮ ಕಡುನೀಲಿ ಮೂಲೇಲಿ ಈ ತಪ್ಪೂ ಆಗಿದ್ಯಾ ಅಂತ ಒಂದ್ಸಲ ಚೆಕ್ ಮಾಡಿ ಪ್ಲೀಸ್.

ಬೋರ್ ಪಟ್ಟಿ ಮಾಡುವಾಗ ಇನ್ನೊಂದು ಪ್ರಶ್ನೆ ಮರೀದೆ ಕೇಳಿ, ಕೇಸಿಂಗ್, ಅಂದ್ರೆ ಮೇಲಿನ ಸಡಿಲ ಮಣ್ಣು ಕುಸಿಯದ ಹಾಗೆ ಹಾಕೋ ಪೈಪು, ಎಷ್ಟಡಿ ಇಳಿಸಿದ್ರು ಅಂತ. ಬೋರಿನ ಆಳ ಎಷ್ಟೋ ಜನ ಮರೆತಿರ್ತಾರೆ, ಕೇಸಿಂಗ್ ಮರೆಯಲ್ಲ, ಯಾಕಂದ್ರೆ ಅದಕ್ಕೆ ಬೇರೆ ದುಡ್ಡು ಕೊಟ್ಟಿರ್ತಾರೆ. ರಿಗ್ಗಿನವರು ಕೇಸಿಂಗ್ ಇಳಿಸೋದು ಗಟ್ಟಿ ಬಂಡೆ ಸಿಗೋವರೆಗೆ, ಅಂದ್ರೆ ಕೇಸಿಂಗ್ ಉದ್ದ ಅಂದ್ರೆ ಆ ಜಾಗದಲ್ಲಿ ಪುಡಿ ಪದರದ ದಪ್ಪ. ನಾನು ಗುಡಾಣ ಅಂದೆನಲ್ಲ, ಅದರ ಆಳ ಎಷ್ಟು ಅಂತ ನಿಮಗೆ ಅರವತ್ತು ಕಡೆ ಪುಕ್ಕಟೆ ಗೊತ್ತಾಯ್ತು! ಯಾವ ಸ್ಯಾಟಲೈಟೂ ಕೊಡದ ಡೇಟಾ ಇದು, ಬೀರುವಿನೊಳಗೆ ರಿಗ್ ಬಿಲ್ಲಿನ ಹಿಂದುಗಡೆ ಬಿದ್ದಿರುತ್ತೆ. ನನ್ನ ಕೇಳಿದ್ರೆ ನಿಮ್ಮ ಏಳು ಲೇಯರಿಗಿಂತ ಈ ಒಂದು ಲೇಯರ್ ತೂಕ ಜಾಸ್ತಿ.

ಖರ್ಚನ್ನ ಇನ್ನೊಂದು ದಾರೀಲೂ ಅಳೀಬಹುದು, ಅಲ್ಲೇ ರಿಮೋಟ್ ಸೆನ್ಸಿಂಗ್ ನಿಜವಾಗಿ ಕೈ ಹಿಡಿಯೋದು. ಸೆಂಟಿನೆಲ್-2 ಫೋಟೋ ಪುಕ್ಕಟೆ, ಚೌಕ 10 ಮೀಟರ್, ಮಾರ್ಚ್ ಏಪ್ರಿಲ್‌ನ ಮೋಡ ಇಲ್ಲದ ಒಂದು ದಿನದ್ದು ತಗೊಂಡು ಎನ್‌ಡಿವಿಐ, ಅಂದ್ರೆ ಹಸಿರು ಎಷ್ಟಿದೆ ಅಂತ ತೋರ್ಸೋ ಲೆಕ್ಕ ಹಾಕಿ. ಹಸಿರೆಲ್ಲಾ ಬೋರ್ ನೀರು ಅಂತ ಲೆಕ್ಕ, ತೆಂಗು ಮಾವನ್ನ ಬೇರೆ ಮಾಡ್ಕೊಳ್ಳಿ, ತೆಂಗು ನೀರಿಲ್ದೆ ಸೊರಗಿದ್ರೂ ಮೇಲಿಂದ ಹಸಿರಾಗೇ ಕಾಣ್ಸುತ್ತೆ, ಅದೊಂದು ಮೋಸ. ಕಬ್ಬು ಎಷ್ಟೆಕರೆ, ಹಿಪ್ಪುನೇರಳೆ ಎಷ್ಟು, ತರಕಾರಿ ಎಷ್ಟು ಅಂತ ಬಂದ್ಮೇಲೆ ಬೆಳೆಯ ನೀರಿನ ಲೆಕ್ಕದಿಂದ ಗುಣಿಸಿ. ಕಬ್ಬಿಗೆ ಒಂದು ಬೆಳೆಗೆ ಮಳೆನೂ ಸೇರಿ 1500 ಮಿಲಿಮೀಟರ್ ಕನಿಷ್ಠ, ಒಂದೆಕರೆಗೆ ಅದು 60 ಲಕ್ಷ ಲೀಟರ್ ಆಗುತ್ತೆ, ಮೇಲೆ ಹೇಳಿದ ಒಂದು ಬೋರಿನ ಇಡೀ ವರ್ಷದ ನೀರು! ಮಳೆ ಅರ್ಧ ಕೊಟ್ರೂ ಒಂದು ಬೋರಿಗೆ ಎರಡೆಕರೆ ಕಬ್ಬು. ನಾಲೆ ಬಯಲಿನ ಬೆಳೆ ಆಸೆಯನ್ನ ಬೋರಿನ ಬಾಯಿಂದ ತೀರಿಸ್ಕೊಳ್ಳೋಕೆ ಹೋಗಿ ನಮ್ಮ ಒಣಸೀಮೆ ಕೆಟ್ಟಿದ್ದು ಅಂತ ನನ್ನ ಅಭಿಪ್ರಾಯ, ಬೈಯೋರು ಬೈಬಹುದು. ಎರಡು ದಾರಿಯ ಅಂಕಿ, ಡ್ರಮ್ಮಿಂದು ಫೋಟೋದ್ದು, ಹತ್ತಿರ ಹತ್ತಿರ ಬಂದ್ರೆ ನಿಮ್ಮ ಲೆಕ್ಕ ಗಟ್ಟಿ. ಒಂದರ ಎರಡರಷ್ಟು ಇನ್ನೊಂದು ಬಂದ್ರೆ ಎಲ್ಲೋ ಬೋರು ಬಿಟ್ಟುಹೋಗಿದೆ.

ಗುರುತ್ವದ ಏರಿಳಿತದಿಂದ ನೀರಿನ ಏರಿಳಿತ ಅಂದಾಜು ಮಾಡೋ ಗ್ರೇಸ್ ಸ್ಯಾಟಲೈಟ್ ಡೇಟಾ ಹಾಕ್ಲಾ ಅಂತ ನಿಮ್ಮ ಥರದವರು ಬಹಳ ಜನ ಕೇಳ್ತಾರೆ. ಅದು ನೂರಾರು ಕಿಲೋಮೀಟರ್ ಅಗಲದ ಸೀಮೆಗೆ. ನಿಮ್ಮೂರಿಗೆ ಅದರಿಂದ ಏನೂ ಗೊತ್ತಾಗಲ್ಲ.

ಜಮಾ ಕಡೆ ತಾಳೆ ನೋಡೋಕೆ ನೀರಿನ ಮಟ್ಟ ಅಳೀಬೇಕು, ಮೇ ತಿಂಗಳಲ್ಲಿ ಒಂದು, ನವೆಂಬರಲ್ಲಿ ಒಂದು ಕನಿಷ್ಠ. ರಾತ್ರಿಯೆಲ್ಲಾ ಮೋಟ್ರು ನಿಂತಿದ್ದು ಬೆಳಗ್ಗೆ ಕರೆಂಟು ಬರೋ ಮುಂಚೆ ಹೋಗ್ಬೇಕು, ಕಷ್ಟ ಅದೊಂದೇ. ಕ್ಯಾಪ್ ಬಿಚ್ಚಿ, ಪೈಪ್ ಪಕ್ಕದ ಸಂದೀಲಿ ತೂಕ ಕಟ್ಟಿದ ಟೇಪ್ ಬಿಡೋದು, ಕೊನೇ ಒಂದು ಮೀಟರಿಗೆ ಸೀಮೆಸುಣ್ಣ ಸವರಿದ್ರೆ ಎಲ್ಲಿವರೆಗೆ ಒದ್ದೆ ಆಯ್ತು ಅಂತ ಗೆರೆ ನಿಲ್ಲುತ್ತೆ. ಕೇಸಿಂಗ್ ನೆಲದಿಂದ ಎರಡಡಿ ಮೇಲಿದ್ರೆ ಆ ಎರಡಡಿ ಕಳೀರಿ, ಮರೀತಾರೆ ಇದನ್ನ. ಮೇಯಿಂದ ನವೆಂಬರಿಗೆ ಮೂರು ಮೀಟರ್ ಏರಿದೆ, ಪುಡಿ ಪದರ ಶೇಕಡಾ 2ರಷ್ಟು ನೀರು ಬಿಟ್ಕೊಡುತ್ತೆ ಅಂದ್ರೆ 500 ಹೆಕ್ಟೇರಿಗೆ 30 ಕೋಟಿ ಲೀಟರ್, ಆ ಮಳೆಗಾಲದಲ್ಲಿ ಎತ್ತಿದ್ದನ್ನೂ ಕೂಡ್ಸಿ. ಮಳೆಯಿಂದ ಹಾಕಿದ 28-38ರ ಅಂದಾಜಿನ ಪಕ್ಕ ಇದನ್ನ ಇಟ್ಟು ನೋಡಿ. ನೀರು ಯಾವ ಕಡೆ ಹರೀತಿದೆ ಅಂತ ತಿಳೀಬೇಕಾದ್ರೆ ನೆಲದ ಎತ್ತರ ಬೇಕು, ಅದಕ್ಕೆ ಎಸ್‌ಆರ್‌ಟಿಎಂ ನಂಬ್ಬೇಡಿ, ಮೇಲೆ ಕೆಳಗೆ ಹಲವು ಮೀಟರ್ ತಪ್ಪಿರುತ್ತೆ, ಲೆವೆಲ್ ಇನ್‌ಸ್ಟ್ರುಮೆಂಟ್ ಕಾಲೇಜಿಂದ ಒಂದು ದಿನ ಕೇಳಿ ತನ್ನಿ.

ನಿಮ್ಮ ಫೇಲಾದ 720 ಅಡಿ ಬೋರು ಇಲ್ಲಿ ಉಪಯೋಗಕ್ಕೆ ಬರುತ್ತೆ. ಮಣ್ಣು ತುಂಬಿಸ್ಬೇಡಿ, ಬಾಯಿ ತೆರೆದೂ ಬಿಡ್ಬೇಡಿ, ಮಕ್ಕಳು ಬೀಳೋ ಸುದ್ದಿ ಎಷ್ಟು ಕೇಳಿಲ್ಲ ನಾವು. ಕಬ್ಬಿಣದ ಕ್ಯಾಪ್ ಹಾಕಿ ಬೋಲ್ಟ್ ಬಿಗಿದು ಅಳತೆ ಬೋರು ಮಾಡ್ಕೊಳ್ಳಿ. ಮೋಟ್ರು ಇಲ್ಲ, ಪೈಪ್ ಇಲ್ಲ, ಟೇಪ್ ಸಲೀಸಾಗಿ ಇಳಿಯುತ್ತೆ, ಯಾರ ಅಪ್ಪಣೆನೂ ಬೇಡ. ಕೊರೆದ ದಿನ ಧೂಳು ಬಂದ ಎಷ್ಟೋ ಬೋರಲ್ಲಿ ತಿಂಗಳು ಬಿಟ್ಟು ನೋಡಿದ್ರೆ ನೀರು ನಿಂತಿರುತ್ತೆ, ಸಣ್ಣ ಜಿನುಗು. ಅದು ಹೊರಗಿನ ನೀರಿನ ಜೊತೆ ಸಂಬಂಧ ಇಟ್ಕೊಂಡಿದ್ಯಾ ಅಂತ ನೋಡೋಕೆ ನಾಲ್ಕು ಬಿಂದಿಗೆ ಒಳ್ಳೆ ನೀರು ಸುರಿದು ಮಟ್ಟ ಎಷ್ಟು ಏರ್ತು, ಎಷ್ಟು ಹೊತ್ತಿಗೆ ವಾಪಸ್ ಇಳೀತು ಅಂತ ಬರ್ಕೊಳ್ಳಿ. ಒಂದೆರಡು ಗಂಟೇಲಿ ಇಳಿದ್ರೆ ಅಳತೆಗೆ ಯೋಗ್ಯ. ಎರಡು ದಿನ ಆದ್ರೂ ಹಾಗೇ ನಿಂತಿದ್ರೆ ಅದು ಬರೀ ಕಲ್ಲಿನ ಲೋಟ, ಅದರ ಮಟ್ಟ ನಂಬ್ಬೇಡಿ.

ತಾಲ್ಲೂಕಿನ ಸರ್ಕಾರಿ ವರ್ಗೀಕರಣ ನೋಡಿ ಸಮಾಧಾನ ಪಡೋದು, ಗಾಬರಿ ಬೀಳೋದು ಎರಡೂ ಬೇಡ. ಇಂಗಿ ಎತ್ತೋಕೆ ಸಿಗೋ ನೀರಲ್ಲಿ ಎತ್ತಿದ್ದು ಶೇಕಡಾ 70ರವರೆಗೆ ಇದ್ರೆ ಸುರಕ್ಷಿತ, 90ರವರೆಗೆ ಅರೆ ಗಂಭೀರ, 100ರವರೆಗೆ ಗಂಭೀರ, ಮೇಲೆ ಹೋದ್ರೆ ಅತಿ ಬಳಕೆ, ಇದು ನಿಯಮ. ಆದ್ರೆ ತಾಲ್ಲೂಕು ಅನ್ನೋದು ಸರಾಸರಿ. ಒಂದೇ ತಾಲ್ಲೂಕಲ್ಲಿ ಅರ್ಧ ನಾಲೆ ಬಯಲು, ಅರ್ಧ ಬೋರೆ (ದಿಣ್ಣೆ) ನೆಲ ಇದ್ರೆ ನಾಲೆಯ ನೀರು ಬೋರೆಯವನ ಬಾಯಾರಿಕೆಯನ್ನ ಕಾಗದದ ಮೇಲೆ ಮುಚ್ಚಿಬಿಡುತ್ತೆ. ಭತ್ತದ ಗದ್ದೆಗೆ ಬಿಟ್ಟ ನಾಲೆ ನೀರಲ್ಲಿ, ನೀರಿನ ಮಟ್ಟ ಮೇಲೇ ಇರೋ ಕಡೆ, ಅರ್ಧದಷ್ಟು ವಾಪಸ್ ಇಂಗುತ್ತೆ ಅಂತ ಆ ಅಂದಾಜು ಸಮಿತಿಯ ವಿಧಾನದಲ್ಲೇ ಇದೆ. ಅದಕ್ಕೇ ನಾಲೆ ಪ್ರದೇಶ ಬೇರೆ, ಉಳಿದದ್ದು ಬೇರೆ ಲೆಕ್ಕ ಹಾಕ್ಬೇಕು. 2023ರ ಬರದಲ್ಲಿ ಕೆಆರ್‌ಎಸ್ ತುಂಬದೆ ಇದ್ದಾಗ ಅರ್ಥ ಆಗಿರ್ಬೇಕು, ನಾಲೆ ಪಕ್ಕದ ಬೋರಿಗೂ ನಾಲೆಯೇ ತಾಯಿ ಅಂತ. ನಾಲೆಗೆ ಲೈನಿಂಗ್ ಆದ ಕಡೆಯೂ ಇದನ್ನ ನೆನಪಿಟ್ಕೊಳ್ಬೇಕು, ಸೋರಿ ಹೋಗೋ ನೀರು ಉಳಿಸಿದ್ವಿ ಅಂತೀವಿ, ಆ ಸೋರಿಕೆ ಕುಡೀತಿದ್ದ ಬಾವಿ ಯಾರದ್ದು ಅಂತ ಮ್ಯಾಪಲ್ಲಿ ನೋಡಿರಲ್ಲ.

ಇನ್ನು ಇಂಗಿಸೋ ಕೆಲಸ. ಪಂಚಾಯ್ತಿಯವರು ಮೊದಲ ಮೀಟಿಂಗಲ್ಲೇ ಚೆಕ್ ಡ್ಯಾಮ್ ಚೆಕ್ ಡ್ಯಾಮ್ ಅಂತಾರೆ. ಕಟ್ಲಿ, ಆದ್ರೆ ಅವರ ಮುಂದೆ ಈ ಲೆಕ್ಕ ಇಡಿ: ನೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಸರಾಸರಿ ಒಂದು ಮೀಟರ್ ನೀರು ನಿಂತ್ರೆ ಹತ್ತು ಲಕ್ಷ ಲೀಟರ್. ವರ್ಷಕ್ಕೆ ಐದು ಸಲ ತುಂಬಿ ಪೂರ್ತಿ ಇಂಗ್ತು ಅಂದ್ರೂ 50 ಲಕ್ಷ. ಒಂದು ಬೋರು ಎತ್ತೋದು 60 ಲಕ್ಷ. ಒಂದು ಚೆಕ್ ಡ್ಯಾಮ್ ಒಂದು ಬೋರಿಗೂ ಸಾಲ್ದು. ಎಂಟು ಕೋಟಿ ಕೊರತೆ ಇದ್ರೆ ಹದಿನಾರು ಕಟ್ಬೇಕು, ಅಷ್ಟು ನೀರು ಹಳ್ಳದಲ್ಲಿ ಬರಬೇಕಲ್ಲ, ಮೇಲಿನವನು ತಡೆದ್ರೆ ಕೆಳಗಿನ ಕೆರೆಗೆ ಏನು ಹೋಗುತ್ತೆ? ಹಳೇ ಕೆರೆ ಇದ್ರೆ ಹೂಳೆತ್ತಿ, ಬರೋ ಕಾಲುವೆ ಬಿಡಿಸೋದು ಎಲ್ಲಕ್ಕಿಂತ ಲಾಭ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವನ್ನ ಇಂಗುಗುಂಡಿ ಪಟ್ಟೀಲಿ ಬರೀಬೇಡಿ, ಅದು ಶೇಖರಣೆ, ಒಂದು ಹನಿನೂ ಇಂಗಲ್ಲ. ಬೋರಿನ ಬಾಯಿಗೇ ಹೊಲದ ನೀರು ಬಿಡೋದು ಬೇಡ, ಗೊಬ್ಬರ ಔಷಧಿ ನೇರ ಕೆಳಗೆ ಹೋಗುತ್ತೆ, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಆಗಲ್ಲ.

ಜಾಗ ಆರಿಸೋದಕ್ಕೆ ಈಗ ನಿಮ್ಮ ಮ್ಯಾಪ್ ತೆಗೀರಿ. ಕೇಸಿಂಗ್ ಉದ್ದ ಜಾಸ್ತಿ ಇರೋ ಜಾಗ, ಅಂದ್ರೆ ಗುಡಾಣ ದೊಡ್ಡದಿರೋ ಕಡೆ, ಎರಡನೇ ಮೂರನೇ ಹಂತದ (ಸಣ್ಣ ತೊರೆಗಳು ಕೂಡಿ ಆದ) ಹಳ್ಳ, ಮೇ ತಿಂಗಳಲ್ಲಿ ನೀರು ತಳ ಕಂಡಿರೋ ಭಾಗ, ಕೆಳಗಡೆ ಕುಡಿಯೋ ನೀರಿನ ಬೋರು. ಇವು ಒಂದರ ಮೇಲೊಂದು ಬಿದ್ದ ಕಡೆ ಕೈ ಹಾಕಿ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡ್ರು ಕುರಿ ಮೇಯಿಸ್ಕೊಂಡೇ ಬೆಟ್ಟದಲ್ಲಿ ಸಾಲು ಕಟ್ಟೆ ತೋಡಿದ್ರಲ್ಲ, ಅವರು ಯಾವ ಸಾಫ್ಟ್‌ವೇರ್ ನೋಡಿರ್ಲಿಲ್ಲ, ಮಳೆ ಬಂದಾಗ ನೀರು ಯಾವ ಕಡೆ ಓಡುತ್ತೆ ಅಂತ ನೋಡಿದ್ರು. ಒಂದು ಜೋರು ಮಳೇಲಿ ಛತ್ರಿ ಹಿಡ್ಕೊಂಡು ನಿಮ್ಮ ಹಳ್ಳದ ಗುಂಟ ನೀವೂ ನಡೀರಿ.

ಕುಡಿಯೋ ನೀರಿನ ಬೋರಿನ ಸುತ್ತ 500 ಮೀಟರ್ ಬಫರ್ ಹಾಕಿ ಗ್ರಾಮಸಭೇಲಿ ತೋರ್ಸಿ. 1999ರ ಕಾಯ್ದೆ ಪ್ರಕಾರ ಅದರೊಳಗೆ ಅನುಮತಿ ಇಲ್ದೆ ಹೊಸ ಬೋರು ಕೊರೆಯೋ ಹಾಗಿಲ್ಲ. ಎಷ್ಟು ಊರಲ್ಲಿ ಆ ವೃತ್ತದೊಳಗೇ ಹತ್ತು ಬೋರಿದೆ ಅಂತ ಕಣ್ಣಾರೆ ನೋಡಿದಾಗ ಜನ ಸುಮ್ಮನಾಗ್ತಾರೆ, ಭಾಷಣಕ್ಕೆ ಆಗದ್ದು ಆ ಒಂದು ವೃತ್ತಕ್ಕೆ ಆಗುತ್ತೆ. ಹೆಸರು ಬರೀಬೇಡಿ ಮಾತ್ರ, ಚುಕ್ಕೆ ಸಾಕು, ಯಾರ್ದು ಅಂತ ಅವರಿಗೇ ಗೊತ್ತಿರುತ್ತೆ, ಇಲ್ಲಾಂದ್ರೆ ನೀರಿನ ಪ್ಲಾನ್ ಹೋಗಿ ಪೊಲೀಸ್ ಸ್ಟೇಷನ್ ಪ್ಲಾನ್ ಆಗುತ್ತೆ.

ಕೊನೇದಾಗಿ ಅಪ್ಪನ ಹೊಸ ಬೋರು. ಬೇಡ ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳ್ಬೇಡಿ, ನವೆಂಬರ್ ಅಳತೆವರೆಗೆ ತಡೀರಿ ಅನ್ನಿ. ಅಷ್ಟರಲ್ಲಿ ನಿಮ್ಮ ಜಮೀನು, ಅಕ್ಕಪಕ್ಕ ಸೇರಿ ಬೋರು ಎಷ್ಟು, ಫೇಲು ಎಷ್ಟು, ಕೇಸಿಂಗ್ ಎಷ್ಟು ಅಂತ ಬರೆದಿಡಿ. ಕರಿಕಲ್ಲಿನ ಸಾಲು ಎಲ್ಲಾದ್ರೂ ಹಾದು ಹೋಗಿದ್ಯಾ ಅಂತ ಅಪ್ಪನ್ನೇ ಕೇಳಿ, ನೇಗಿಲು ಹೊಡೆದವರಿಗೆ ಗೊತ್ತಿರುತ್ತೆ. ಇದ್ರೆ ಅದರ ಮೇಲ್ಗಡೆ, ಅಂದ್ರೆ ನೀರು ಬರೋ ದಿಕ್ಕಿನ ಪಕ್ಕ ಒಂದೆರಡು ಕಡೆ, ಆಚೆ ಪಕ್ಕ ಒಂದು ಕಡೆ ರೆಸಿಸ್ಟಿವಿಟಿ ಸರ್ವೆ ಮಾಡ್ಸಿ, ನೆಲಕ್ಕೆ ಕಡ್ಡಿ ನೆಟ್ಟು ಕರೆಂಟ್ ಹರಿಸಿ ನೋಡ್ತಾರಲ್ಲ ಅದು. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರ್ಸೋರನ್ನ ಅಪ್ಪ ಕರೆಸ್ತೀನಿ ಅಂದ್ರೆ ಜಗಳ ಆಡ್ಬೇಡಿ, ಎರಡೂ ಒಂದೇ ಕಡೆ ಬಂದ್ರೆ ಅವರ ಮನಸ್ಸಿಗೂ ಸಮಾಧಾನ. ಸರ್ವೆಲಿ ಪುಡಿ ಪದರ ತೆಳು, ಕೆಳಗೆ ಇಡೀ ಬಂಡೆ ಅಂತ ಬಂದ್ರೆ ಸಾಲ ಖಂಡಿತ ಬೇಡ, ಇರೋ ಹಳೇ ಬೋರಿನ ಅರ್ಧ ಗಂಟೆ ನೀರನ್ನ ತೊಟ್ಟಿಗೆ ಬಿಟ್ಟು ತೆಂಗಿಗೆ ಡ್ರಿಪ್ ಮಾಡಿ. ಪದರ ದಪ್ಪ ಇದ್ದು ಅಕ್ಕಪಕ್ಕ ಬೋರು ವಿರಳ ಇದ್ರೆ ಆಗ ನೋಡೋಣ, ಅದೂ 400 ಅಡಿಗೆ ನಿಲ್ಲಿಸ್ತೀನಿ ಅಂತ ರಿಗ್ಗಿನವರ ಮುಂದೆ ಮೊದಲೇ ಹೇಳಿ, ರಾತ್ರಿ ಹನ್ನೊಂದು ಗಂಟೇಲಿ ‘ಇನ್ನು ಐವತ್ತಡಿ ಗೌಡ್ರೇ, ಕಲ್ಲಿನ ಬಣ್ಣ ಬದಲಾಗ್ತಿದೆ’ ಅಂತ ಅವರು ಅಂದಾಗ ಜೇಬಿಗೆ ಕೈ ಹೋಗ್ಬಾರದು. ಎರಡು ಅಳತೆ, ಕೇಸಿಂಗ್ ಪಟ್ಟಿ, ಬಿಂದಿಗೆ ನೀರು ಸುರಿದ ಲೆಕ್ಕ ಎಲ್ಲಾ ಒಂದು ಹಾಳೇಲಿ ಬರ್ದು ಕಳ್ಸಿ, ಡಿಸೆಂಬರಲ್ಲಿ ಕೂತು ನೋಡೋಣ.